ಯಾರ ಮನೆಗೆ ಯಾವ ಸಾಮ್ಯ

ಪಾಠ ಹೇಳುವವರ ಬದುಕಿನಲ್ಲಿ ಚಿತ್ರವಿಚಿತ್ರ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಆದರೆ ಹೇಳಿದ ಪಾಠವೇ ಎದ್ದು ಬಂದು ಬಾಗಿಲಲ್ಲಿ ನಿಲ್ಲುವುದು ನನ್ನೊಬ್ಬಳ ಹಣೆಬರಹ ಎಂದು ಕಾಣುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಕಂಟೋನ್ಮೆಂಟಿನಲ್ಲಿ ನಮ್ಮದೊಂದು ಪುಟ್ಟ ಕನ್ನಡ ಕ್ರೈಸ್ತ ಸಭೆ. ಸುತ್ತಮುತ್ತಲ ತಮಿಳು, ಇಂಗ್ಲಿಷ್ ಸಭೆಗಳ ಮುಂದೆ ನಾವು ಲೆಕ್ಕಕ್ಕೇ ಇಲ್ಲ. ಇದ್ದ ನಾಲ್ಕು ಜನವೂ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಚೆದುರಿಹೋಗಿದ್ದರು. ಅದಕ್ಕೇ ಪ್ರತಿ ಬುಧವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ಇಡುತ್ತಿದ್ದೆವು. ಆ ವರ್ಷ ಯೇಸುಸ್ವಾಮಿ ಹೇಳಿದ ಸಾಮ್ಯಗಳನ್ನು ಕಲಿಯೋಣ ಎಂದು ತೀರ್ಮಾನವಾಯಿತು. ಸಾಮ್ಯವೆಂದರೆ ಮೇಲುನೋಟಕ್ಕೆ ಪುಟ್ಟ ಕತೆ, ಒಳಗೆ ಬಾಳಿಗೆ ಬೇಕಾದ ಮಾತು. ನಾನು ಶಾಲೆಯಲ್ಲಿ ಕನ್ನಡ ಟೀಚರ್. ನಮ್ಮ ಪಾದ್ರಿಗಳನ್ನು ನಾವು ಕರೆಯುವುದು ಅಯ್ಯನವರು ಎಂದು. ಅವರು ಆ ಕೆಲಸವನ್ನು ನನಗೇ ಅಂಟಿಸಿದರು.

"ಟೀಚರ್, ಕತೆ ಎಲ್ಲರಿಗೂ ಗೊತ್ತು. ನೀವು ಅರ್ಥ ಬಿಡಿಸಿ ಹೇಳಿ ಸಾಕು" ಎಂದರು.

ಅರ್ಥ ಬಿಡಿಸಲು ನನಗೆ ಪುರುಸೊತ್ತೇ ಸಿಗಲಿಲ್ಲ.

ಕುರಿ

ಮೊದಲ ಕೂಟ ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಒಬ್ಬ ಟೈಲರ್ ಮನೆಯಲ್ಲಿ. ಮನೆ ಮೊದಲನೇ ಮಹಡಿ. ಇಬ್ಬರು ಎದುರಾದರೆ ಒಬ್ಬರು ವಾಪಸ್ಸು ಇಳಿಯಬೇಕು, ಅಷ್ಟು ಇಕ್ಕಟ್ಟಿನ ಮೆಟ್ಟಿಲು. ಅವತ್ತಿನದು, ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿ ಹೊರಟ ಕುರುಬನ ಸಾಮ್ಯ. "ಒಂದು ಹೋದ್ರೆ ಹೋಗ್ಲಿ, ಮಿಕ್ಕವು ಇವೆಯಲ್ಲ ಅನ್ನೋದು ನಮ್ಮ ಲೆಕ್ಕಾಚಾರ. ಆ ಕುರುಬನ ಲೆಕ್ಕಾಚಾರವೇ ಬೇರೆ" ಎಂದು ನಾನು ಹೇಳುತ್ತಿದ್ದೆ. ನೋಡಿದರೆ ಕೂತವರ ಕಣ್ಣು ನನ್ನ ಮೇಲಿಲ್ಲ. ಎಲ್ಲರೂ ನನ್ನ ಹಿಂದೆ ನೋಡುತ್ತಿದ್ದಾರೆ.

ತಿರುಗಿದೆ. ಬಾಗಿಲಲ್ಲಿ ಕುರಿ ನಿಂತಿತ್ತು.

ಅದು ಮೆಟ್ಟಿಲು ಹತ್ತಿದ ಸದ್ದು ಯಾರಿಗೂ ಕೇಳಿಸಿರಲಿಲ್ಲ. ಬ್ಯಾ ಎನ್ನಲಿಲ್ಲ, ಬಾಲ ಅಲ್ಲಾಡಿಸಲಿಲ್ಲ. ನನ್ನ ಮುಖವನ್ನೇ ನೆಟ್ಟ ಕಣ್ಣಿನಿಂದ ನೋಡುತ್ತ, ಮುಂದೆ ಹೇಳು ಎನ್ನುವಂತೆ ನಿಂತಿತ್ತು. ಟೈಲರ್ ತಾಯಿ ಕೈಮುಗಿದು ಕಣ್ಣುಮುಚ್ಚಿಬಿಟ್ಟರು.

ಅಷ್ಟರಲ್ಲಿ ಕೆಳಗಿನಿಂದ ದಡಬಡ ಹೆಜ್ಜೆ ಕೇಳಿಸಿತು. ಲುಂಗಿ ಎತ್ತಿ ಕಟ್ಟಿದ ಒಬ್ಬ ಆಸಾಮಿ ಏದುಸಿರು ಬಿಡುತ್ತ ಬಂದ. ಕುರಿಯನ್ನು ಕಂಡದ್ದೇ ಅವನ ಮುಖ ಅರಳಿತು. ಬಾಚಿ ಎತ್ತಿಕೊಂಡು ಹೆಗಲ ಮೇಲೆ ಹಾಕಿಕೊಂಡ, ಥೇಟ್ ಸಂಡೆ ಸ್ಕೂಲಿನ ಗೋಡೆಯ ಮೇಲಿನ ಚಿತ್ರದ ಹಾಗೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಟೈಲರ್ ತಾಯಿ ಅಳುತ್ತಲೇ ಕೀರ್ತನೆ ಶುರುಮಾಡಿದರು.

"ಎಷ್ಟು ಹೊತ್ತಿಂದ ಹುಡುಕ್ತಿದ್ದೆಯಪ್ಪ?" ಎಂದೆ.

"ಮಧ್ಯಾಹ್ನದಿಂದ ಅಮ್ಮಾ. ಗಿರಾಕಿ ಅಂಗಡೀಲೇ ಕೂತವ್ರೆ, ಖೀಮಾ ಬೇಕಂತೆ."

ಬಾಗಿಲು

ಮುಂದಿನದು ಹಲಸೂರಿನ ಒಂದು ಹಳೇ ಮನೆಯಲ್ಲಿ. ಮದುಮಗ ಬರುವ ಹೊತ್ತಿಗೆ ದೀಪಕ್ಕೆ ಎಣ್ಣೆಯಿಲ್ಲದೆ ಅಂಗಡಿಗೆ ಓಡಿ, ಬರುವಷ್ಟರಲ್ಲಿ ಬಾಗಿಲು ಮುಚ್ಚಿಹೋಗಿ, ಹೊರಗೇ ಉಳಿದ ಕನ್ಯೆಯರ ಸಾಮ್ಯ ಅದು. ಪಾಠ ಸರಳವಾದದ್ದು: ಸಿದ್ಧತೆಯನ್ನು ಕೊನೇ ಗಳಿಗೆಯಲ್ಲಿ ಪಕ್ಕದವರಿಂದ ಎರವಲು ತರಲಾಗುವುದಿಲ್ಲ. ಎಣ್ಣೆ ತೀರಿತು ಎಂದು ನಾನು ಹೇಳುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮನೆಯಲ್ಲಿ ಒಂದು ಮೇಣದಬತ್ತಿಯೂ ಇಲ್ಲ. ಅಯ್ಯನವರ ಹೆಂಡತಿ, "ನೀವು ಹೇಳ್ತಾ ಇರಿ, ನಾವು ತರ್ತೀವಿ" ಎಂದು ನಾಲ್ಕು ಹೆಂಗಸರನ್ನು ಕರೆದುಕೊಂಡು ಅಂಗಡಿಗೆ ಹೋದರು. ಅವರು ಹೊರಟದ್ದೇ ಬಾಗಿಲು ಗಾಳಿಗೆ ಧಡಾರೆಂದು ಬಡಿದುಕೊಂಡು, ಚಿಲಕ ತಾನಾಗಿ ಬಿದ್ದು ಕಚ್ಚಿಕೊಂಡಿತು.

ಒಳಗಿದ್ದವರೆಲ್ಲ ಬಾಗಿಲ ಕಡೆ ತಿರುಗಿದೆವು. ಕತೆ ಎಲ್ಲರಿಗೂ ಗೊತ್ತಿತ್ತು.

ಸ್ವಲ್ಪ ಹೊತ್ತಿಗೆ ಹೊರಗೆ ಬಾಗಿಲು ಬಡಿಯುವ ಸದ್ದು. "ಬಾಗಿಲು ತೆಗೀರಿ, ನಾವು ಬಂದ್ವಿ." ಮನೆಯವರು ಚಿಲಕದ ಜೊತೆ ಗುದ್ದಾಡುತ್ತಿದ್ದರು. ಆಗ ಬಾಗಿಲ ಪಕ್ಕದ ಕಿಟಕಿಯಿಂದ ಒಂದು ಒಣಗಿದ ದನಿ ಎದ್ದಿತು. "ಯಾರು ನೀವು? ನಿಮ್ಮನ್ನ ನಾನು ಯಾವತ್ತೂ ನೋಡಿಲ್ಲ. ಹೋಗಿ."

ಸಾಮ್ಯದಲ್ಲಿ ಒಳಗಿನಿಂದ ಬರುವ ಉತ್ತರವೂ ಹೆಚ್ಚುಕಡಿಮೆ ಅದೇ. ನಾನಿನ್ನೂ ಅಲ್ಲಿಗೆ ಬಂದೇ ಇರಲಿಲ್ಲ. ದನಿ ಆ ಮನೆಯ ಅತ್ತೆಯದು. ಪಾಪ, ಮುದುಕಿಗೆ ಮರೆವು ಜಾಸ್ತಿ. ಕೋಣೆಯಲ್ಲಿ ಮಲಗಿದ್ದವರು ಯಾವಾಗ ಎದ್ದು ಕಿಟಕಿಗೆ ಬಂದರೋ ದೇವರಿಗೇ ಗೊತ್ತು.

"ಅಮ್ಮಾ, ನಾನು! ಅಯ್ಯನವರ ಹೆಂಡ್ತಿ!"

"ಯಾರ ಹೆಂಡ್ತಿಯಾದ್ರೆ ನಂಗೇನು? ಇಲ್ಲಿ ಅದೆಲ್ಲ ನಡೆಯಲ್ಲ."

ಆಮೇಲೆ ಅಯ್ಯನವರ ಹೆಂಡತಿ ಅಳುದನಿಯಲ್ಲಿ, ಬಹಳ ದಿನದಿಂದ ಮಾತು ಬಿಟ್ಟಿದ್ದ ತಮ್ಮ ನಾದಿನಿಯ ಹೆಸರು ಹಿಡಿದು, ಬಾಗಿಲಿಗೇ ಹಣೆಯಿಟ್ಟು ಕ್ಷಮೆ ಕೇಳತೊಡಗಿದರು. ಲಟ್ಟಣಿಗೆಯಿಂದ ಹೊಡೆದು ಚಿಲಕ ಬಿಡಿಸುವವರೆಗೂ ಅದು ನಡೆಯಿತು. ವಿಷಯ ತಿಳಿದ ಅಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ಟೀಚರ್, ಆ ಅಜ್ಜಿ ನಮ್ಮ ಮನೆಗೆ ಒಂದೆರಡು ದಿನ ಬಂದಿರ್ತಾರಾ ಕೇಳಿ."

ಹಲ್ಲು

ಇಷ್ಟಾದ ಮೇಲೆ ನಮ್ಮ ಜನಕ್ಕೆ ಅರ್ಥ ಯಾರಿಗೆ ಬೇಕು? ಮನೆಯಲ್ಲಿ ಯಾವ ಸಾಮ್ಯ ಓದಿದರೆ ಅದೇ ನಡೆಯುತ್ತದೆ ಎಂಬ ಸುದ್ದಿ ಹಬ್ಬಿತು. ಕುಕ್ ಟೌನಿನ ಹಳೇ ಬಂಗಲೆಯಲ್ಲಿ ಒಬ್ಬರೇ ಇದ್ದ ಆಂಟಿಯೊಬ್ಬರು ನನಗೆ ಫೋನ್ ಮಾಡಿದರು. ಅವರ ಮದುವೆ ಉಂಗುರ ಕಳೆದು ವರ್ಷಗಳಾಗಿದ್ದವು. "ನಮ್ಮನೇಲಿ ಕಳೆದುಹೋದ ನಾಣ್ಯದ್ದೇ ಹೇಳ್ಬೇಕು ನೋಡಿ" ಎಂದು ಹಟ ಹಿಡಿದರು. ಹೇಳಿದೆ. ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವ ಆ ಹೆಂಗಸಿನ ಹಾಗೆ ದೇವರೂ ನಮ್ಮನ್ನು ಮೂಲೆಮೂಲೆಯಲ್ಲಿ ಹುಡುಕುತ್ತಾನೆ ಎಂದು ನಾನು ವಿವರಿಸುವಾಗ ಆಂಟಿಯ ಕಣ್ಣು ಬೀರುವಿನ ಕೆಳಗೇ ಇತ್ತು.

ಮಾರನೇ ದಿನ ಬೀರು ಸರಿಸಿ ಗುಡಿಸಿದರು. ಸಿಕ್ಕಿತು ಎಂದು ಎಲ್ಲರನ್ನೂ ಕರೆದರು. ಸಾಮ್ಯದಲ್ಲಿ ಇರುವಂತೆಯೇ ಗೆಳತಿಯರು, ನೆರೆಹೊರೆಯವರು ಎಲ್ಲ ಸೇರಿದೆವು. ಮೇಜಿನ ಮೇಲೆ ಪಿಂಗಾಣಿ ಸಾಸರಿನಲ್ಲಿ ಒಂದು ಹಲ್ಲಿನ ಸೆಟ್ಟು ಇತ್ತು. ಆಂಟಿಯ ಗಂಡನದು. ಅವರು ತೀರಿಕೊಂಡು ಆಗಲೇ ಎಷ್ಟೋ ವರ್ಷ. ಆವತ್ತು ಎಷ್ಟು ಹುಡುಕಿದರೂ ಸಿಗದೆ, ಬಾಯಿ ಒಳಕ್ಕೆ ಹೋದಂತೆಯೇ ಅವರನ್ನು ಮಣ್ಣು ಮಾಡಿದ್ದರಂತೆ. ಈಗ ಹಲ್ಲು ಮಾತ್ರ ಸಾಸರಿನಿಂದ ನಮ್ಮೆಲ್ಲರನ್ನೂ ನೋಡಿ ನಗುತ್ತಿತ್ತು. ಯಾರೋ ಲೇಸಿನ ಕರ್ಚೀಫು ಮುಚ್ಚಿದರು. ಲೇಸಿನ ತೂತುಗಳಿಂದ ಇನ್ನೂ ಜಾಸ್ತಿ ನಕ್ಕಿತು.

ಇದನ್ನು ಅವರಿಗೆ ತಲುಪಿಸುವುದು ಹೇಗೆ ಎಂದು ಚರ್ಚೆ ನಡೆಯಿತು. ಸಮಾಧಿ ಅಗೆಯುವ ಹಾಗಿಲ್ಲ ಎಂದರು ಅಯ್ಯನವರು.

"ಬೇಡ ಬಿಡಿ. ನಾನು ಹೋದಾಗ ನನ್ನ ಪೆಟ್ಟಿಗೇಲಿ ಇಟ್ಬಿಡಿ" ಎಂದರು ಆಂಟಿ. "ಪುನರುತ್ಥಾನದ ದಿನ ಎದ್ದು ಕೂತ ತಕ್ಷಣ ಅವರು ಇದನ್ನೇ ಕೇಳೋದು. ಉಂಗುರ ಎಲ್ಲಿ ಅಂತ ಕೇಳೋ ಗಂಡಸಲ್ಲ ಅವರು."

ಚೀಟಿ

ಆಮೇಲೆ ದಿನಕ್ಕೊಬ್ಬರು ಫೋನ್. ಅವರಿಗೆ ಅದು ಬೇಕು, ಇವರಿಗೆ ಇದು ಬೇಡ. ಸಾಮ್ಯವೇನು ಹೋಟೆಲಿನ ತಿಂಡಿಯೇ, ಆರ್ಡರ್ ಕೊಡಲು? ನಾನು ರೇಗಿದ ಮೇಲೆ ಅಯ್ಯನವರು ಕಾಣಿಕೆ ಚೀಲದಲ್ಲಿ ಸಾಮ್ಯಗಳ ಹೆಸರು ಬರೆದ ಚೀಟಿ ಹಾಕಿ ಎತ್ತಿಸಿದರು. ಇಂದಿರಾನಗರದ ಬ್ಯಾಂಕಿನವರೊಬ್ಬರಿಗೆ ಒಳ್ಳೆಯ ಸಮಾರ್ಯದವನು ಬಂತು. ದಾರಿಯಲ್ಲಿ ಕಳ್ಳರಿಂದ ಏಟು ತಿಂದು ಬಿದ್ದವನನ್ನು ಎತ್ತಿ ಉಪಚರಿಸಿದ ಪುಣ್ಯಾತ್ಮನ ಕತೆ. ಎಲ್ಲರೂ ಒಳ್ಳೇ ಚೀಟಿ ಎಂದು ಅಭಿನಂದಿಸಿದರು. ಆ ಮನುಷ್ಯ ಮಾತ್ರ ಬ್ಯಾಂಕಿಗೆ ರಜೆ ಹಾಕಿ, ಬಾಗಿಲು ಹಾಕಿಕೊಂಡು ವಾರವಿಡೀ ಮನೆಯಲ್ಲೇ ಕೂತುಬಿಟ್ಟರು.

"ಯಾಕ್ರೀ?" ಎಂದು ಕೇಳಿದರೆ, "ಅವನು ಬರೋಕೆ ಮುಂಚೆ ಯಾರಾದ್ರೂ ಒದೆ ತಿನ್ಬೇಕಲ್ಲ ಟೀಚರ್" ಎಂದರು.

ಕಣಜ

ಕೆ.ಆರ್. ಪುರದಲ್ಲಿ ನಮ್ಮ ಸಭೆಯ ಹಿರಿಯರೊಬ್ಬರಿದ್ದರು. ರಸ್ತೆ ಪಕ್ಕ ಸ್ವಂತ ಮನೆ, ಹಿಂದೆ ಶೀಟು ಹೊದಿಸಿದ ಸಾಲು ರೂಮುಗಳ ವಠಾರ. ಅಲ್ಲೆಲ್ಲ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಸಂಸಾರಗಳು ಬಾಡಿಗೆಗಿದ್ದವು. ಏರಿಯಾಕ್ಕೆ ಬೆಲೆ ಬಂದಿತ್ತು. ವಠಾರ ಒಡೆದು ಮೂರು ಅಂತಸ್ತು ಎಬ್ಬಿಸಬೇಕು ಎಂದು ಹಿರಿಯರು ತಿಂಗಳ ಕೊನೆಗೆ ಖಾಲಿ ಮಾಡಲು ಹೇಳಿಬಿಟ್ಟಿದ್ದರು. ಮಕ್ಕಳಿಗೆ ಪರೀಕ್ಷೆ ಹತ್ತಿರವಿತ್ತು. ಯಾರು ಬೇಡಿಕೊಂಡರೂ ಅವರು ಜಗ್ಗಲಿಲ್ಲ.

ಅವರು ಚೀಟಿ ಎತ್ತಿದರು. ಬಂದದ್ದು ಬುದ್ಧಿಗೇಡಿ ಸಾಹುಕಾರನ ಸಾಮ್ಯ. ಬೆಳೆ ಹೆಚ್ಚಾಯಿತೆಂದು ಹಳೇ ಕಣಜ ಕೆಡವಿ ದೊಡ್ಡದು ಕಟ್ಟಿಸಲು ಹೊರಟವನಿಗೆ ದೇವರು, ಇವತ್ತು ರಾತ್ರಿಯೇ ನಿನ್ನ ಪ್ರಾಣ ಹೋಗುತ್ತದಲ್ಲೋ ಎನ್ನುವ ಕತೆ. ಹಿರಿಯರು ಬಿಳಿಚಿಕೊಂಡರು. ಕೈ ತಪ್ಪಿತು ಎಂದು ಚೀಟಿ ವಾಪಸ್ಸು ಹಾಕಿ, ಚೀಲ ಚೆನ್ನಾಗಿ ಕುಲುಕಿ, ಇನ್ನೊಂದು ಎತ್ತಿದರು. ಅದೇ ಬಂತು.

ಅವತ್ತು ಸಂಜೆಯೇ ಹೆಂಡತಿಯ ಜೊತೆ ನಮ್ಮ ಮನೆಗೆ ಬಂದರು. "ಟೀಚರ್, ನಮ್ಮನೇಲಿ ತಪ್ಪಿಹೋದ ಮಗನ ಸಾಮ್ಯ ಹೇಳಿ. ಮಗ ಮನೆಗೆ ವಾಪಸ್ ಬರೋದು, ಅಪ್ಪ ತಬ್ಬಿಕೊಳ್ಳೋದು, ಎಷ್ಟು ಚೆನ್ನಾಗಿದೆ."

"ನಮಗಿರೋದು ಎರಡೂ ಹೆಣ್ಣು" ಎಂದರು ಹೆಂಡತಿ. "ಮಗ ಬಂದ್ರೆ ಎಲ್ಲಿಂದ ಬರ್ತಾನ್ರೀ?"

ಹಿರಿಯರು, ಚೀಟಿಯಲ್ಲಿ ಬಂದದ್ದೇ ಇರಲಿ ಎಂದು ಚಪ್ಪಲಿ ಮೆಟ್ಟಿಕೊಂಡರು.

ಬುಧವಾರ ಬಂತು. ವಠಾರದವರೂ ಬಾಗಿಲ ಹತ್ತಿರ ಕೂತಿದ್ದರು. ಸಾಹುಕಾರ ಆಗುವುದು ತಪ್ಪಲ್ಲ, ಆದರೆ ಈ ಕತೆಯುದ್ದಕ್ಕೂ ಅವನು ತನ್ನ ಜೊತೆ ತಾನೇ ಮಾತಾಡಿಕೊಳ್ಳುತ್ತಾನೆಯೇ ಹೊರತು ಇನ್ನೊಬ್ಬ ಮನುಷ್ಯನ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ನಾನು ವಿವರಿಸಿದೆ. ಹಿರಿಯರು ಕೇಳಿಸಿಕೊಳ್ಳುತ್ತಿರಲಿಲ್ಲ. ಒಂದು ಕೈಯಿಂದ ಇನ್ನೊಂದು ಕೈಯ ನಾಡಿ ಹಿಡಿದು ಕೂತಿದ್ದರು. ವಠಾರದ ಕೊನೇ ರೂಮಿನ ಹೆಂಗಸು ಮೆಲ್ಲಗೆ ಕೇಳಿದಳು:

"ಟೀಚರಮ್ಮಾ, ಹಳೀ ಕಣಜ ಕೆಡವಿದ್ರ ಅದರಾಗಿದ್ದ ಇಲಿ, ಗುಬ್ಬಿ ಎಲ್ಲಿ ಹೋದ್ವು ಅಂತ ಕತ್ಯಾಗ ಏನರ ಅದ ಏನ್ರಿ?"

ಇಲ್ಲಮ್ಮ, ಹೇಳಿಲ್ಲ ಎಂದೆ. ಅವಳ ಇಬ್ಬರು ಮಕ್ಕಳು ಪಕ್ಕದಲ್ಲೇ ಕೂತಿದ್ದರು. ನನಗೆ ಸಂಕಟವಾಯಿತು, ಹಿರಿಯರ ಮೇಲೆ ಸಿಟ್ಟೂ ಬಂತು.

ಕತ್ತಲಾಗುತ್ತಲೇ ಹಿರಿಯರು ಒಂದು ಉಪಾಯ ಮಾಡಿದರಂತೆ. ಸಾವು ಬಂದರೆ ಮನೆಗೇ ತಾನೇ ಬರಬೇಕು? ಮನೆಯಲ್ಲೇ ಇರದಿದ್ದರಾಯಿತು. ಚಾಪೆ, ದಿಂಬು ಹಿಡಿದು ಆ ಕೊನೇ ರೂಮಿಗೆ ಹೋಗಿ, "ಇವತ್ತೊಂದು ರಾತ್ರಿ ಇಲ್ಲಿ ಮಲಗ್ಲೇನಮ್ಮ?" ಎಂದು ಕೇಳಿದರಂತೆ.

"ಬರ್ರಿ ಅಣ್ಣಾರ. ತಿಂಗಳ ಕೊನಿ ತನಕ ನಮ್ದೇ ಅದ" ಎಂದಳಂತೆ ಅವಳು. ಒಳಗೆ ಮಲಗಿದ್ದ ಮಕ್ಕಳ ನಡುವೆ ಅವರಿಗೆ ಜಾಗ ಮಾಡಿಕೊಟ್ಟು, ಗಂಡ ಹೆಂಡತಿ ಹೊರಗೆ ಕಟ್ಟೆಯ ಮೇಲೆ ಕೂತರಂತೆ.

ಆ ರಾತ್ರಿ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಗ್ಗೆ ಮೊದಲ ಬಸ್ಸು ಹತ್ತಿ ಕೆ.ಆರ್. ಪುರಕ್ಕೆ ಹೋದೆ. ಹಿರಿಯರು ವರಾಂಡದಲ್ಲಿ ಗಟ್ಟಿಮುಟ್ಟಾಗಿ ಕೂತು ಕಾಫಿ ಕುಡಿಯುತ್ತಿದ್ದರು. "ನೋಡಿದ್ರಾ ಟೀಚರ್? ಏನೂ ಆಗ್ಲಿಲ್ಲ! ತಿಂಗಳ ಕೊನೆ ಯಾಕೆ, ಸೋಮವಾರಾನೇ ಒಡೆಸ್ತೀನಿ" ಎಂದು ನಕ್ಕರು.

ಹೆಂಡತಿ ನನಗೆ ಕಾಫಿ ತಂದರು. "ಅಂದ ಹಾಗೆ ರೀ, ಮರೆತೇಬಿಟ್ಟೆ. ರಾತ್ರಿ ಊಟ ಆದ್ಮೇಲೆ ಯಾರೋ ನಿಮ್ಮನ್ನ ಕೇಳ್ಕೊಂಡು ಬಂದಿದ್ರು."

"ಯಾರು?"

"ಗುರುತಿಲ್ಲ. ಬಿಳಿ ಷರ್ಟು. ನಿಮ್ಮ ಹೆಸರು, ನಿಮ್ಮ ಅಪ್ಪನ ಹೆಸರು ಎರಡೂ ಸರಿಯಾಗಿ ಹೇಳಿದ್ರು."

"ನೀನೇನಂದೆ?"

"ಮನೇಲಿಲ್ಲ, ಹಿಂದೆ ಕೊನೇ ರೂಮಲ್ಲಿ ಮಲಗಿದಾರೆ ಅಂತ ಟಾರ್ಚು ಬಿಟ್ಟು ದಾರಿ ತೋರಿಸ್ದೆ."

"ತೋರಿಸಿಬಿಟ್ಟೆಯಾ!"

"ಪ್ರಾರ್ಥನೆ ಆದ ಮನೇಲಿ ಸುಳ್ಳು ಹೇಳೋಕಾಗುತ್ತಾ? ಅವರು ಅಲ್ಲೀವರೆಗೂ ಹೋಗಿ ಬಾಗಿಲಲ್ಲಿ ಇಣುಕಿ ನೋಡಿ ಬಂದ್ರು. ಪಕ್ಕದಲ್ಲಿ ಮಕ್ಕಳು ಮಲಗಿದಾವೆ, ಎಬ್ಬಿಸೋದು ಬೇಡ, ಅವಸರ ಏನಿಲ್ಲ, ಅವರು ಮನೆಗೆ ಬಂದು ಮಲಗಿದ ದಿನ ಬರ್ತೀನಿ ಅಂದ್ರು."

ಹಿರಿಯರು ಲೋಟ ಕೆಳಗಿಟ್ಟು ಎದ್ದು ನಿಂತರು. ಕಟ್ಟೆಯ ಮೇಲೆ ಎಚ್ಚರವಾಗಿಯೇ ಕೂತಿದ್ದ ಗಂಡ ಹೆಂಡತಿಯನ್ನು ಕರೆದು ಕೇಳಿದೆವು. ರಾತ್ರಿಯಿಡೀ ಯಾರೂ ಆ ಕಡೆ ಬರಲೇ ಇಲ್ಲ ಎಂದರು. ವಠಾರ ಒಡೆಯಲು ಒಪ್ಪಿಕೊಂಡಿದ್ದ ಕಂಟ್ರಾಕ್ಟರನ್ನು ಕೇಳಿದೆವು, ಸಭೆಯವರನ್ನು ಕೇಳಿದೆವು. ಬಂದದ್ದು ನಾನೇ ಎಂದು ಇವತ್ತಿನವರೆಗೂ ಯಾರೂ ಹೇಳಿಲ್ಲ.

ಸೋಮವಾರ ಪಿಕಾಸಿ ಹಿಡಿದು ಬಂದ ಆಳುಗಳನ್ನು ಹಿರಿಯರು ಕೊನೇ ರೂಮಿನ ಬಾಗಿಲಿಗೆ ಅಡ್ಡ ನಿಂತು, "ಈ ಗೋಡೆ ಮುಟ್ಟಿದ್ರೆ ಹುಷಾರ್!" ಎಂದು ಕೂಗಾಡಿ ಓಡಿಸಿದರು. ವಠಾರ ಉಳಿಯಿತು. ಹಿರಿಯರು ಹಗಲು ತಮ್ಮ ಮನೆಯಲ್ಲಿ, ರಾತ್ರಿ ಮಾತ್ರ ಆ ಮಕ್ಕಳ ನಡುವೆ.

ಬೇಸಿಗೆ ರಜೆಯಲ್ಲಿ ಆ ಹೆಂಗಸು ಸಿಕ್ಕಳು. ಮಕ್ಕಳಿಬ್ಬರೂ ಪಾಸಾಗಿದ್ದರು. ಒಳ್ಳೆಯದಾಯಿತಲ್ಲಮ್ಮ ಎಂದೆ. ಅವಳು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದಳು:

"ಎಲ್ಲಾ ಛಲೋ ಆತ್ರಿ ಟೀಚರಮ್ಮಾ. ಆದ್ರ ಅಣ್ಣಾರು ಹೋಗ್ಲಾಕ ಒಲ್ರು. ರೂಮ್ ಖಾಲಿ ಮಾಡಸೋ ಸಾಮ್ಯ ಯಾವ್ದರ ಅದ ಏನ್ರಿ?"