ಮುಳಬಾಗಿಲಿನ ಅಡಚಣೆ ವಹಿ

ಮುಳಬಾಗಿಲಿನ ಸಮಗ್ರ ದೃಢೀಕರಣ ಉಪಕಚೇರಿಯಲ್ಲಿ ಕಳೆದ ಜೂನ್ ತಿಂಗಳ ಮೊದಲ ಸೋಮವಾರದಿಂದ ಕೆಲಸವು ಏಕಾಗ್ರತೆಯಿಂದ ನಡೆಯುತ್ತಿದೆ. ಅದಕ್ಕೆ ಮೊದಲು ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ದಾಖಲೆಗಳು ಲಭ್ಯವಿಲ್ಲ.

ಈ ಬದಲಾವಣೆಗೆ ಕಾರಣರು ಉಪಕಚೇರಿಯ ಅಧಿಕಾರಿ ಶ್ರೀ ಮುರಳಿಮೋಹನ್. ಇಲಾಖೆ ಅವರನ್ನು ಬೆಂಗಳೂರಿಗೆ ಮೂರು ದಿನಗಳ ಉತ್ಪಾದಕತಾ ತರಬೇತಿಗೆ ಕಳುಹಿಸಿತ್ತು. ಬರುವಾಗ ಅವರು ಒಂದು ಪ್ರಶಸ್ತಿಪತ್ರ, ಒಂದು ಬ್ಯಾಗು ಮತ್ತು ಟೊಮೆಟೊ ಆಕಾರದ ಒಂದು ಗಡಿಯಾರ ತಂದರು. ತಿರುಗಿಸಿ ಇಟ್ಟರೆ ಅದು ಇಪ್ಪತ್ತೈದು ನಿಮಿಷ ಟಿಕ್‌ಟಿಕ್ ಎಂದು, ಆಮೇಲೆ ಗಂಟೆ ಹೊಡೆಯುತ್ತದೆ. ಜವಾನ ಕದಿರಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಸಾರ್, ಟಮೋಟ ತರಕ್ಕೆ ಕೋಲಾರ ದಾಟ್ಕೊಂಡು ಬೆಂಗಳೂರ್ಗೆ ಹೋಗಿದ್ರಾ?" ಎಂದು ಕೇಳಿದ. ಈ ಪ್ರಶ್ನೆಯನ್ನು ಕಡತಕ್ಕೆ ಸೇರಿಸಲಿಲ್ಲ.

ಕೂಡಲೇ ಸುತ್ತೋಲೆ ಹೊರಟಿತು. ಸಿಬ್ಬಂದಿ ಇಪ್ಪತ್ತೈದು ನಿಮಿಷ ತಲೆ ಎತ್ತದೆ ಕೆಲಸ ಮಾಡತಕ್ಕದ್ದು. ನಂತರ ಐದು ನಿಮಿಷ ಕಡ್ಡಾಯ ವಿರಾಮ. ವಿರಾಮದಲ್ಲಿ ಕೆಲಸ ಮಾಡುತ್ತ ಸಿಕ್ಕಿಬಿದ್ದವರ ಮೇಲೆ ಶಿಸ್ತುಕ್ರಮ. ಅವಧಿಯ ನಡುವೆ ಯಾರಾದರೂ ಅಡ್ಡಬಂದರೆ ಅಲ್ಲಿಯವರೆಗೆ ಮಾಡಿದ ಕೆಲಸವನ್ನು ಮಾಡಿದ್ದಾಗಿ ಪರಿಗಣಿಸತಕ್ಕದ್ದಲ್ಲ, ಗಡಿಯಾರವನ್ನು ಮೊದಲಿನಿಂದ ತಿರುಗಿಸತಕ್ಕದ್ದು. ಅಡ್ಡಬಂದವರ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಮನೆ ನಂಬರು, ಬಂದ ಕಾರಣ ಎಲ್ಲವನ್ನೂ ಮೂಲ ದಾಖಲೆಗಳೊಂದಿಗೆ ತಾಳೆ ನೋಡಿ 'ಅಡಚಣೆ ವಹಿ'ಯಲ್ಲಿ ಬರೆದು, ಅಧಿಕಾರಿಯ ಸಹಿ ಮತ್ತು ಮೊಹರು ಪಡೆಯತಕ್ಕದ್ದು. ಅಡಚಣೆಗಳ ಮೂಲವನ್ನು ಅಧ್ಯಯನ ಮಾಡದೆ ಅವನ್ನು ನಿರ್ಮೂಲ ಮಾಡಲಾಗದು ಎಂದು ತರಬೇತಿಯಲ್ಲಿ ಹೇಳಿದ್ದರು.

ಮೊದಲ ದಿನದ ಮೊದಲ ಅಡಚಣೆ ಮುನಿಲಕ್ಷ್ಮಿ. ಆಕೆ ಆವನಿ ಕಡೆಯ ಒಂದು ಹಳ್ಳಿಯ ಸೊಸೆ. ಆ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆಯ ಹುದ್ದೆ ಖಾಲಿಯಾಗಿತ್ತು. ಅದೇ ಊರಿನಲ್ಲಿ ವಾಸವಿದ್ದಾರೆ ಎಂಬ ದೃಢೀಕರಣ ಪತ್ರದೊಂದಿಗೆ ಶುಕ್ರವಾರ ಸಂಜೆ ಐದರೊಳಗೆ ಅರ್ಜಿ ಕೊಡಬೇಕಿತ್ತು. ಪಿಯುಸಿ ಪಾಸಾಗಿ ಹನ್ನೊಂದು ವರ್ಷ ಅವರಿವರ ತೋಟದಲ್ಲಿ ಟೊಮೆಟೊ ಕಿತ್ತ ಹೆಂಗಸು. ವಯೋಮಿತಿ ಮುಗಿಯಲು ಎರಡು ತಿಂಗಳಿತ್ತು. ಇದು ತಪ್ಪಿದರೆ ಇನ್ನೊಂದಿರಲಿಲ್ಲ.

"ಅಣ್ಣ, ಒಂದು ಸೈನು ಅಷ್ಟೆ," ಎಂದಳು ಬಾಗಿಲಲ್ಲಿ.

"ಸಾಹೇಬ್ರು ಅವಧೀಲಿದ್ದಾರಮ್ಮ," ಎಂದ ಕದಿರಪ್ಪ. "ಈಗ ಒಳಗೋದ್ರೆ ನೀನು ಅಡಚಣೆ ಆಗ್ತೀಯ. ಗಂಟೆ ಹೊಡೀಲಿ ತಾಳು."

ಗಂಟೆ ಹೊಡೆಯಿತು. ಮುನಿಲಕ್ಷ್ಮಿ ಒಳಗೆ ಹೋದಳು. ಮುರಳಿಮೋಹನ್ ಫ್ಯಾನಿನ ಕಡೆ ಮುಖ ಮಾಡಿ ಕುರ್ಚಿಗೆ ಒರಗಿದ್ದರು. "ವಿರಾಮ," ಎಂದರು. "ಈಗ ನಿಮ್ಮ ಅರ್ಜಿ ಮುಟ್ಟಿದರೆ ನನಗೇ ಮೆಮೊ ಕೊಡಬೇಕಾಗುತ್ತೆ. ನನಗೆ ಮೆಮೊ ಕೊಡೋ ಅಧಿಕಾರಿ ನಾನೇ."

"ಹಂಗಾರೆ ಯಾವಾಗ ಬರ್ಲಿ ಸಾರ್?"

"ಅವಧಿ, ವಿರಾಮ ಎರಡೂ ಇಲ್ಲದಾಗ ಬನ್ನಿ."

ಅಂಥ ಹೊತ್ತು ದಿನದಲ್ಲಿ ಇರಲಿಲ್ಲ. ಮುನಿಲಕ್ಷ್ಮಿ ಒಳಗೇ ನಿಂತಳು. ಅಷ್ಟರಲ್ಲಿ ಹೊಸ ಅವಧಿ ಶುರುವಾದ್ದರಿಂದ ಆಕೆ ವಿಧಿವತ್ತಾಗಿ ಅಡಚಣೆಯಾದಳು. ಗುಮಾಸ್ತೆ ಸುನಂದ ವಹಿ ತೆರೆದು ಆಧಾರ್, ರೇಷನ್ ಕಾರ್ಡು, ಕರೆಂಟ್ ಬಿಲ್ಲು ನೋಡಿದಳು. ಸುಳ್ಳು ಅಡಚಣೆ ದಾಖಲಾಗಬಾರದೆಂದು ಗ್ರಾಮ ಲೆಕ್ಕಿಗರಿಗೆ ಫೋನ್ ಮಾಡಿ, ಈಕೆ ಆ ಊರಿನಲ್ಲೇ ಇರುವುದು ನಿಜವೇ ಎಂದು ಖಚಿತಪಡಿಸಿಕೊಂಡಳು. ಮುರಳಿಮೋಹನ್ ಸಹಿ ಹಾಕಿ ಮೊಹರು ಒತ್ತಿದರು. ಗಡಿಯಾರ ಮೊದಲಿನಿಂದ ತಿರುಗಿತು. ಮುನಿಲಕ್ಷ್ಮಿಯ ಅರ್ಜಿ ಮೇಜಿನ ಮೇಲೆ ಹಾಗೇ ಇತ್ತು.

ಮಂಗಳವಾರ, ಬುಧವಾರವೂ ಆಕೆ ಬಂದಳು, ಅಡಚಣೆಯಾದಳು, ಹೋದಳು. ಮೂರನೆಯ ಸಲಕ್ಕೆ ಆಕೆಯನ್ನು 'ಪುನರಾವರ್ತಿತ ಅಡಚಣೆ' ಎಂದು ವರ್ಗೀಕರಿಸಿದ್ದರಿಂದ ಸ್ಥಳ ತನಿಖೆ ಅಗತ್ಯವಾಯಿತು. ಗುರುವಾರ ಬೆಳಗ್ಗೆ ಇಲಾಖೆಯ ಜೀಪು ಆಕೆಯ ಮನೆ ಮುಂದೆ ನಿಂತಿತು. ಅಕ್ಕಪಕ್ಕದ ಐದು ಮನೆಯವರನ್ನು ಕರೆದು, ಈ ಅಡಚಣೆ ಹನ್ನೊಂದು ವರ್ಷದಿಂದ ಇದೇ ಮನೆಯಲ್ಲಿ ವಾಸವಿದೆ ಎಂದು ಮಹಜರು ಬರೆದು ಸಹಿ ಮಾಡಿಸಿಕೊಂಡರು.

ಅತ್ತೆ ಆಂಜಿನಮ್ಮನಿಗೆ ಸಂತೋಷವಾಯಿತು. "ಸರ್ಟಿಫಿಕೇಟು ಮನೆ ಬಾಗ್ಲಿಗೇ ಬಂತು ಕಣೇ!"

"ಇದು ಸರ್ಟಿಫಿಕೇಟಿಗಲ್ಲತ್ತೆ," ಎಂದಳು ಮುನಿಲಕ್ಷ್ಮಿ. "ನಾನು ಹೋಗಿ ತೊಂದ್ರೆ ಕೊಟ್ಟಿದ್ದಕ್ಕೆ."

"ಅಯ್ಯೋ ನಾಯ್ನಾ! ಅದಕ್ಕೂ ಜೀಪು ಕಳಿಸ್ತಾರಾ?"

ಶುಕ್ರವಾರ ಬೆಳಗ್ಗೆ ಹೋದ ಆ ವಾರದ ಪ್ರಗತಿ ವರದಿಯಲ್ಲಿ ಪೂರ್ಣಗೊಂಡ ದೃಢೀಕರಣಗಳು ಸೊನ್ನೆ, ದಾಖಲಾದ ಅಡಚಣೆಗಳು ಇನ್ನೂರ ಹದಿನಾಲ್ಕು ಎಂದಿತ್ತು. ಮೇಲಿನ ಕಚೇರಿಯವರು ಎರಡು ಅಂಕಣಗಳಲ್ಲಿ ದೊಡ್ಡದನ್ನು ಓದಿ ಬಹಳ ಮೆಚ್ಚಿದರು.

ಗುರುವಾರ ಮಧ್ಯಾಹ್ನ ನಾಲ್ಕನೆಯ ಸಲ ಅಡಚಣೆಯಾಗಿ ಹೋಗಿದ್ದ ಮುನಿಲಕ್ಷ್ಮಿಯ ತಾಳ್ಮೆ ಶುಕ್ರವಾರ ನಾಲ್ಕು ಗಂಟೆಗೆ ಮುಗಿಯಿತು. "ಅಲ್ಲ ಸಾರ್, ನಾನು ಆ ಊರಲ್ಲಿದ್ದೀನಿ ಅಂತ ನೀವೇ ನಾಲ್ಕು ಸಲ ಬರ್ಕೊಂಡಿದ್ದೀರಲ್ಲ. ಅದನ್ನೇ ಒಂದು ಹಾಳೇಲಿ ಬರ್ದು ಕೊಡಕ್ಕೆ ಏನು ಕಷ್ಟ?"

"ಬರೆದುಕೊಡೋದು ಕೆಲಸ," ಎಂದರು ಮುರಳಿಮೋಹನ್ ಮೃದುವಾಗಿ. "ಕೆಲಸಕ್ಕೆ ಒಂದು ಪೂರ್ಣ ಅವಧಿ ಬೇಕು. ನಾನು ತಯಾರಿದ್ದೀನಿ. ನೀವೇ ಅಡ್ಡ ನಿಂತಿದ್ದೀರಿ."

ಈ ಮಾತಿನಲ್ಲಿ ನ್ಯಾಯವಿತ್ತು. ಐದನೆಯ ನಮೂದಾದ ಮೇಲೆ ಮುನಿಲಕ್ಷ್ಮಿ ಹೊರಗೆ ಬಂದು, ಮೆಟ್ಟಿಲಿಗೆ ಅಡ್ಡವಾಗಿ ನಿಂತು, ಬಂದವರನ್ನೆಲ್ಲ ಕೈಮುಗಿದು ತಡೆದಳು. ಶ್ರೀನಿವಾಸಪುರದ ಮಾವಿನ ಮಂಡಿಯಿಂದ ಬಂದ ಒಬ್ಬ ಹಿರಿಯರು ಬೈದರು, ನಂಗಲಿಯ ಲಾರಿ ಡ್ರೈವರೊಬ್ಬ ತೆಲುಗಿನಲ್ಲಿ ಬೈದ. ಆಕೆ ಜಗ್ಗಲಿಲ್ಲ. ಒಳಗೆ ಗಡಿಯಾರ ಹತ್ತು ನಿಮಿಷ ಓಡಿತು, ಇಪ್ಪತ್ತು ಓಡಿತು. ಪತ್ರ ಬರೆದಾಯಿತು. ಸಹಿಗೆ ಪೆನ್ನು ಎತ್ತಿದ ಇಪ್ಪತ್ತನಾಲ್ಕನೆಯ ನಿಮಿಷದಲ್ಲಿ ಮುರಳಿಮೋಹನ್ ಅವರ ಫೋನು ಬಡಿದುಕೊಂಡಿತು. ಏಕಾಗ್ರತೆಗಾಗಿ ಅವರನ್ನು ಅಭಿನಂದಿಸಲು ಸ್ವತಃ ಮೇಲಧಿಕಾರಿಗಳು ಕರೆ ಮಾಡಿದ್ದರು.

ಮೇಲಧಿಕಾರಿಗಳ ತಂದೆಯ ಹೆಸರು, ಊರು ಮತ್ತು ಮನೆ ನಂಬರನ್ನು ವಹಿಯಲ್ಲಿ ಬರೆಯಲಾಯಿತು. ಬರೆದಿದ್ದ ಪತ್ರವನ್ನು ನಿಯಮಾನುಸಾರ ಹರಿಯಲಾಯಿತು.

ಮುನಿಲಕ್ಷ್ಮಿ ಮೆಟ್ಟಿಲ ಮೇಲೆ ಕೂತು ಅತ್ತಳು. ಆಗ ಗಂಟೆ ನಾಲ್ಕು ಮುಕ್ಕಾಲು. ಸುನಂದ ಕಿಟಕಿಯಿಂದ ಮೆಲ್ಲಗೆ ಕರೆದಳು. "ಏ, ಬಾ ಇಲ್ಲಿ. ವಹಿದು ಜೆರಾಕ್ಸ್ ಕೊಡ್ತೀನಿ, ಮಹಜರೂ ಸೇರಿಸಿ. ಅದು ಕೆಲಸದ ಲೆಕ್ಕಕ್ಕೆ ಬರಲ್ಲ, ಅಡಚಣೆ ಲೆಕ್ಕಕ್ಕೆ ಬರುತ್ತೆ. ಅದಕ್ಕೆ ಗಡಿಯಾರ ಇಲ್ಲ."

ಐದಕ್ಕೆ ಮೂರು ನಿಮಿಷವಿದ್ದಾಗ ಮುನಿಲಕ್ಷ್ಮಿ ಏದುಸಿರು ಬಿಡುತ್ತ ಅಂಗನವಾಡಿ ಆಯ್ಕೆ ಸಮಿತಿಯ ಮೇಜಿನ ಮೇಲೆ ಅರ್ಜಿ ಇಟ್ಟಳು. ಅರ್ಜಿ ಪಡೆಯುವ ವೆಂಕಟರಾಯಪ್ಪ ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವಿದರು. ಐದು ದಿನಾಂಕ, ಐದು ಸಹಿ, ಐದು ಮೊಹರು, ಮಹಜರು, ನೆರೆಯವರ ರುಜು.

"ಏನಮ್ಮ ಇದು? ಬೇರೆಯವ್ರೆಲ್ಲ ಒಂದೇ ಸೈನ್ ಇರೋ ಹಳೇ ಪತ್ರ ತಂದಿದ್ದಾರೆ. ಇಷ್ಟು ಗಟ್ಟಿ ದಾಖಲೆ ನನ್ನ ಸರ್ವೀಸಲ್ಲೇ ನೋಡಿಲ್ಲ," ಎಂದು ಸ್ವೀಕೃತಿ ಬರೆದರು.

ಆಗಸ್ಟಿನಲ್ಲಿ ಆಕೆಗೆ ನೇಮಕಾತಿ ಆದೇಶ ಬಂತು. ಅಷ್ಟರಲ್ಲಿ ಅಡಚಣೆ ವಹಿಯ ನಕಲನ್ನು ಶಾಲೆಗಳು, ಬ್ಯಾಂಕುಗಳು, ಗ್ಯಾಸ್ ಏಜೆನ್ಸಿಗಳು ಎಲ್ಲವೂ ಒಪ್ಪತೊಡಗಿದ್ದವು. ಕಚೇರಿ ಮುಂದೆ ಬೆಳಗ್ಗೆ ಎಂಟಕ್ಕೇ ಸಾಲು. ಟೋಕನ್ ಪಡೆದು, ಕರೆದಾಗ ಒಳಗೆ ಹೋಗಿ, ಶಿಸ್ತಿನಿಂದ ಅಡಚಣೆ ಮಾಡಿ ಹೊರಬರುವ ವ್ಯವಸ್ಥೆ ಆಯಿತು.

ಅಕ್ಟೋಬರಿನಲ್ಲಿ ಮಾತ್ರ ಒಂದು ಅವಘಡವಾಯಿತು. ಬಂದ್ ಇದ್ದ ಒಂದು ದಿನ ಯಾರೂ ಬರಲಿಲ್ಲ. ಇಪ್ಪತ್ತೈದು ನಿಮಿಷದ ಅವಧಿಯೊಂದು ಪೂರ್ತಿಯಾಗಿಬಿಟ್ಟಿತು. ಅಡಚಣೆಗಳ ಸಂಖ್ಯೆ ಶೂನ್ಯಕ್ಕೆ ಇಳಿದದ್ದೇಕೆ ಎಂದು ಮೇಲಿನಿಂದ ಕಾರಣ ಕೇಳಿ ನೋಟಿಸ್ ಬಂತು. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುವುದಾಗಿ ಮುರಳಿಮೋಹನ್ ಬರೆದುಕೊಟ್ಟರು. ಈಗ ಜನ ಕಡಿಮೆಯಾದ ದಿನ ಕದಿರಪ್ಪ ಬಸ್ ನಿಲ್ದಾಣಕ್ಕೆ ಹೋಗಿ ನಾಲ್ಕು ಜನರನ್ನು ಕರೆತರುತ್ತಾನೆ.

ಮೊನ್ನೆ ಹಳ್ಳಿಗೆ ಹೊಸದಾಗಿ ಬಂದ ಸೊಸೆ ಪದ್ಮಶ್ರೀ ಅಂಗನವಾಡಿಗೆ ಬಂದು, ಮುಳಬಾಗಿಲಲ್ಲಿ ದೃಢೀಕರಣ ಪತ್ರ ಮಾಡಿಸುವುದು ಹೇಗೆ ಎಂದು ಕೇಳಿದಳು.

ಮುನಿಲಕ್ಷ್ಮಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಲೇ ಹೇಳಿದಳು: "ಕೆಲಸ ಮಾಡ್ಕೊಡಿ ಅಂತ ಮಾತ್ರ ಕೇಳ್ಬೇಡ ಕಣೇ, ಪಾಪ, ಅವ್ರ ಕೈಲಿ ಆಗಲ್ಲ. ಸುಮ್ನೆ ಹೋಗಿ ತೊಂದ್ರೆ ಕೊಡು. ತೊಂದ್ರೆ ಕೊಟ್ರೆ ಎಲ್ಲಾ ಬರ್ಕೊಂಡು, ಸೀಲ್ ಒತ್ತಿ ಕಳಿಸ್ತಾರೆ. ಒಳ್ಳೇ ಜನ."