ಅತ್ತೆ ಓದಿದ ಮೊದಲ ಪುಟ

ಬರೆದದ್ದನ್ನು ಬರೆದಂತೆಯೇ ಪಾಲಿಸುವವರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರಿದ್ದಾರೆ. ಅವರು ನಮ್ಮ ಸೋದರತ್ತೆ! ಭದ್ರಾವತಿಯ ಬಸ್ ನಿಲ್ದಾಣದಲ್ಲಿ ಎಲ್ಲರೂ ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿಯುತ್ತಿದ್ದರೆ, ಇವರು ‘ಸಾಲಾಗಿ ನಿಲ್ಲಿ’ ಎಂಬ ಬೋರ್ಡಿನ ಕೆಳಗೆ ಒಬ್ಬರೇ ಸಾಲಾಗಿ ನಿಂತಿರುತ್ತಾರೆ. ಬಸ್ಸು ಹೋದರೂ ಸಾಲು ಕದಲುವುದಿಲ್ಲ! ಜಾಮೂನು ಪುಡಿಯ ಪ್ಯಾಕೆಟ್ಟಿನ ಮೇಲೆ ‘ಹದವಾಗಿ ಕಲಸಿ’ ಎಂದಿತ್ತಂತೆ. ಹದ ಅಂದರೆ ಎಷ್ಟು? ಪ್ಯಾಕೆಟ್ಟನ್ನು ನಾಲ್ಕೂ ಕಡೆ ತಿರುಗಿಸಿ ಹುಡುಕಿ, ಸಿಗದೆ, ಹಬ್ಬಕ್ಕೆ ಶಾವಿಗೆ ಪಾಯಸ ಮಾಡಿದರು.

ಅವರು ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಗೆ ಬಂದಾಗ ನಾನು ಚಿಂತೆಯಲ್ಲಿದ್ದೆ. ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಸಾಫ್ಟ್‌ವೇರ್ ಲೈಬ್ರರಿಯೊಂದನ್ನು ಗೆಳತಿಯರೆಲ್ಲ ಸೇರಿ ಬರೆದಿದ್ದೆವು. ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡು ಅದು. ಆದರೆ ಶಂಕರಘಟ್ಟದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಹೊಸಬರಿಗೆಂದೇ ನಾವು ಬರೆದಿಟ್ಟ ಮೊದಲ ಪುಟದಲ್ಲೇ ಎಡವಿ, ಏನೊಂದೂ ಕೇಳದೆ ಹೊರಟುಹೋಗುತ್ತಿದ್ದರು. ಎಲ್ಲಿ ಎಡವುತ್ತಾರೆ? ಬರೆದಂತೆ ನಡೆಯುವ ಅತ್ತೆಯನ್ನೇ ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆ.

“ಟರ್ಮಿನಲ್ ತೆರೆಯಿರಿ ಅಂತ ಬರ್ದಿದೀರ. ಅದು ಎಲ್ಲಿದೆ ಅಂತ ಬರ್ದೇ ಇಲ್ವಲ್ಲೇ ಮಾರಾಯ್ತಿ!”

ಆದೇಶಗಳನ್ನು ಟೈಪ್ ಮಾಡುವ ಆ ಕಪ್ಪು ಕಿಟಕಿಯನ್ನು ತೆರೆದುಕೊಟ್ಟೆ. ಮುಂದೆ, ‘ಮೂರು ಪದ ಟೈಪ್ ಮಾಡಿ’ ಎಂದಿತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು ‘ಮೂರು ಪದ’ ಎಂದೇ ಟೈಪ್ ಮಾಡಿದರು! ಕಂಪ್ಯೂಟರು ವಿಧೇಯವಾಗಿ ಅಕಾರಾದಿಗೆ ಜೋಡಿಸಿ ‘ಪದ ಮೂರು’ ಎಂದಿತು.

“ನಾನು ಹೇಳಿದ್ದನ್ನೇ ತಿರುಗಿಸಿ ಹೇಳುತ್ತೆ. ಥೇಟ್ ನಿಮ್ಮ ಮಾವ!”

ನಗುತ್ತಲೇ ಮುಂದಿನ ಹಂತಕ್ಕೆ ಹೋದೆವು. ಏನೋ ತಪ್ಪಾಗಿದೆಯೆಂದು ಪರದೆಯ ತುಂಬ ಕೆಂಪಕ್ಷರ ಬಂತು. ಅತ್ತೆ ಬಿಸಿ ತಾಗಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಮತ್ತೆ ನಮ್ಮ ಪುಟ ನೋಡಿದರು. ಆ ಹಂತದ ಪಕ್ಕದಲ್ಲಿ ‘ಇದು ತುಂಬಾ ಸುಲಭ’ ಎಂದಿತ್ತು. ಅದನ್ನು ಮೆಲ್ಲಗೆ ಓದಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಯಾಕತ್ತೆ?”

“ಮದ್ವೆಯಾಗಿ ಭದ್ರಾವತಿಗೆ ಬಂದಾಗ ನಾನು ಗ್ಯಾಸ್ ಒಲೆ ನೋಡೇ ಇರ್ಲಿಲ್ಲ ಕಣೇ. ಹೆಂಗೆ ಹಚ್ಚೋದು ಅಂತ ಕೇಳ್ದೆ. ‘ಇಷ್ಟು ಸುಲಭದ್ದೂ ಬರಲ್ವಾ’ ಅಂತ ಮನೆಮಂದಿಯೆಲ್ಲ ನಕ್ಕರು. ಅವತ್ತಿಂದ ಕೇಳೋದೇ ಬಿಟ್ಟೆ. ಏನಿದ್ರೂ ಓದ್ಕೊಂಡು, ಬರೆದ ಹಾಗೇ ಮಾಡೋದು. ಬರೆದಿದ್ದು ನಗಲ್ವಲ್ಲ ಅಂತ.”

ನಾನು ಆ ಪುಟದಿಂದ ‘ಸುಲಭ’ವನ್ನು ಅಳಿಸಿದೆ. ಅಲ್ಲಿ ಏನು ಬರೆಯಬೇಕೆಂದು ಅತ್ತೆಯನ್ನೇ ಕೇಳಿದೆ. ತುಸು ಯೋಚಿಸಿ ಹೇಳಿದರು: “ಕೆಂಪಕ್ಷರ ಬಂದ್ರೆ ಹೆದರಬೇಡಿ. ನಿಮ್ಮಿಂದ ಏನೂ ಕೆಟ್ಟಿಲ್ಲ. ಮೊದಲನೇ ಸಲ ನಮಗೂ ಹೀಗೇ ಆಗಿತ್ತು.”

ಹಾಗೇ ಬರೆದು ತೋರಿಸಿದೆ. ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕುರ್ಚಿಯನ್ನು ನನ್ನತ್ತ ಎಳೆದುಕೊಂಡು, ಚಿಕ್ಕ ದನಿಯಲ್ಲಿ ಕೇಳಿದರು:

“ಈಗ ಮುಂದೇನು ಮಾಡ್ಬೇಕು, ಹೇಳ್ಕೊಡ್ತೀಯಾ?”