ನಾಯಿ ಒಪ್ಪಿದ ವಂಶಾವಳಿ

ನಾಯಿ ಅಕ್ತೊಶ್‌ನನ್ನು ವ್ಯಾನಿಗೆ ಹತ್ತಿಸಿಕೊಳ್ಳುವುದಿಲ್ಲ ಎಂದು ನೆಂಟರೆಲ್ಲ ಒಕ್ಕೊರಲಿನಿಂದ ಹೇಳಿದ್ದೇ ಎಲ್ಲಕ್ಕೂ ಮೂಲ. ಅದರ ಯಜಮಾನ, ಕಿರ್ಗಿಜರ ಕಲ್ಮುರ್ಜಾನ ಮಗನಿಗೆ ಗಡಿಯಾಚೆ ಕೆಗೆನ್‌ನಲ್ಲಿ ಕಝಾಕರ ಹುಡುಗಿ ಗೊತ್ತಾಗಿತ್ತು. ಹುಡುಗಿಗೆ ಓಲೆ ತೊಡಿಸಿ ಸಂಬಂಧ ಪಕ್ಕಾ ಮಾಡಲು ನೆಂಟರ ವ್ಯಾನು ಶಾಸ್ತ್ರದ ಹಿಂದಿನ ದಿನವೇ ಹೊರಟು ನಿಂತಿತ್ತು.

"ಬೀಗರ ಮನೆಗೆ ನಾಯಿ ಯಾಕ್ರೀ?" ಎಂದಳು ಹೆಂಡತಿ ಸೊನುನ್.

"ನಾಯಿ ಅನ್ಬೇಡ, ತೈಗಾನ್ ಅನ್ನು. ಅವರ ಬೇಟೆನಾಯಿ ಮೊಲ ಹಿಡಿಯುತ್ತಂತೆ. ನಮ್ದು ತೋಳ ಹಿಡಿದ ಮನೆತನದ್ದು. ಒಂದ್ಸಲ ನೋಡ್ಲಿ!"

ಮನೆತನವೇನೋ ಹೌದು. ಆದರೆ ಅಡುಗೆಮನೆಯಲ್ಲಿ ಮುಚ್ಚಳ ಬಿದ್ದರೂ ಅಕ್ತೊಶ್ ಯಜಮಾನನ ಕಾಲ ಸಂದಿಗೆ ತಲೆ ತೂರಿಸುತ್ತಿತ್ತು.

ಹೀಗಾಗಿ ಮರುದಿನ ಬೆಳಿಗ್ಗೆ ಕಲ್ಮುರ್ಜಾ ಒಬ್ಬನೇ ತನ್ನ ಹಳೇ ಕಾರಿನಲ್ಲಿ ನಾಯಿಯೊಂದಿಗೆ ಪರದೇಶಕ್ಕೆ ಹೊರಟ. ಎಂಜಿನ್ ಗುರುಗುಟ್ಟಿದ್ದೇ ತಡ, ಹಿಂದಿನ ಸೀಟಿನಲ್ಲಿ ಊಳು ಎದ್ದಿತು. ಹತ್ತು ಹೆಂಗಸರು ಒಂದೇ ಹೆಣದ ಮುಂದೆ ಕೂತಂತೆ. ಮಾಂಸ ಕೊಟ್ಟ, ತಿಂದು ಸೀಟಿನ ಮೇಲೆ ವಾಂತಿ ಮಾಡಿತು. ಹಾಡು ಹೇಳಿದ, ಊಳು ಒಂದು ಸ್ವರ ಮೇಲೇರಿತು. ತ್ಯೂಪ್ ಊರು ದಾಟುವ ಹೊತ್ತಿಗೆ ಅವನ ತಾಳ್ಮೆ ಮುಗಿದಿತ್ತು.

"ಏಯ್! ನಾನ್ಯಾರ ಮಗ ಗೊತ್ತೇನೋ ನಿಂಗೆ? ಸಾತಾರನ ಮಗ! ಸಾತಾರ ಜುಮಾಲಿಯ ಮಗ! ಜುಮಾಲಿ ಬೈತೂರನ ಮಗ!"

ಊಳು ನಿಂತಿತು. ಕನ್ನಡಿಯಲ್ಲಿ ನೋಡಿದರೆ ಅಕ್ತೊಶ್ ಕಿವಿ ನಿಮಿರಿಸಿಕೊಂಡು ಕೂತಿದೆ. ಕಲ್ಮುರ್ಜಾನ ಎದೆ ಉಬ್ಬಿತು. ನಾಯಿಗೂ ವಂಶದ ಬೆಲೆ ಗೊತ್ತು!

ಆದರೆ ಯಾವ ಕಿರ್ಗಿಜನಿಗಾದರೂ ಬಾಯಿಪಾಠ ಬರುವುದು ಏಳು ಪಿತೃಗಳು. ಏಳು ಹೆಸರಿಗೆ ನಾಲ್ಕು ಕಿಲೋಮೀಟರ್. ಎರಡನೇ ಸುತ್ತಿಗೆ ಅಕ್ತೊಶ್ ಮರುಳಾಗಲಿಲ್ಲ. ಮತ್ತೆ ಬಾಯಿ ತೆರೆಯಿತು. ಬೇರೆ ದಾರಿ ಕಾಣದೆ ಅವನು ತಾತಂದಿರನ್ನು ಹುಟ್ಟಿಸತೊಡಗಿದ. ಎದುರಿಗೆ ಸಿಕ್ಕ ಬೆಟ್ಟ, ತೊರೆ, ಪೆಟ್ರೋಲ್ ಬಂಕಿನ ಮಾಲೀಕ, ಎಲ್ಲರೂ ಅವನ ವಂಶಕ್ಕೆ ಸೇರಿದರು. ಅವರಲ್ಲಿ ಒಂಟಿಗೈಯಲ್ಲಿ ತೋಳ ಸೀಳಿದ ವೀರ ತೋಕ್ತಾರ್ ನಾಯಿಗೆ ವಿಶೇಷವಾಗಿ ಹಿಡಿಸಿದ. ಆ ಹೆಸರಿಗೆ ಅದು ಬಾಲ ಆಡಿಸುತ್ತಿತ್ತು.

ಗಡಿಯಲ್ಲಿ ಕಾರುಗಳ ದೊಡ್ಡ ಸಾಲು. ನಿಲ್ಲಿಸಿದೊಡನೆ ಊಳು. ಕಲ್ಮುರ್ಜಾ ಗಾಜಿಳಿಸಿಕೊಂಡು ತಾತಂದಿರನ್ನು ಕೂಗುತ್ತಿದ್ದರೆ ಸುತ್ತ ಜನ ಕೂಡಿದರು.

"ನಾಯಿಗೇನಾದ್ರೂ ಹೆಣ್ಣು ನೋಡ್ತಿದೀರಾ ಅಣ್ಣ?" ಎಂದ ಒಬ್ಬ.

ಕಾವಲಿನ ಸಿಪಾಯಿ ಬಗ್ಗಿ ನೋಡಿದ. "ಅಣ್ಣಾ, ನಾನು ಕೇಳ್ತಿರೋದು ನಾಯಿಯ ಚುಚ್ಚುಮದ್ದಿನ ಕಾಗದ. ನಿಮ್ಮ ಮುತ್ತಾತಂದಲ್ಲ."

ಮುಂದಿನ ಕಾರಿನಿಂದ ಇಳಿದು ಬಂದ ದಪ್ಪನೆಯ ಕಝಾಕ ಕುರಿ ವ್ಯಾಪಾರಿ ಮಾತ್ರ ನಗಲಿಲ್ಲ. "ತೋಕ್ತಾರ್ ಅಂದ್ರಾ? ತೋಳ ಸೀಳಿದೋನು? ಅವನು ನಮ್ಮ ತಾತ ಕಣಣ್ಣ! ನನಗೆ ಆರನೆಯೋನು. ನಿಮಗೆ?"

ತಾನು ಹುಟ್ಟಿಸಿದ ತಾತನಿಗೆ ಪರದೇಶದಲ್ಲಿ ಮೊಮ್ಮಗ ಸಿಕ್ಕಾಗ ಯಾರಿಗೆ ತಾನೇ ಹೆಮ್ಮೆಯಾಗದು? "ಐದನೆಯೋನು!" ಎಂದುಬಿಟ್ಟ ಕಲ್ಮುರ್ಜಾ.

"ಹಾಗಾದ್ರೆ ನಮ್ಮವರೇ! ಬನ್ನಿ, ನನ್ನ ಮುಂದಕ್ಕೆ ನಿಲ್ಲಿಸಿ."

ಚುಚ್ಚುಮದ್ದಿನ ಕಾಗದ ತೋರಿಸಿ ಕಲ್ಮುರ್ಜಾ ರಾಜನಂತೆ ಗಡಿ ದಾಟಿದ.

ಬೀಗರ ಮನೆಯಲ್ಲಿ ಎಲ್ಲ ಸಾಂಗವಾಗಿ ನಡೆಯಿತು. ಹುಡುಗಿಯ ತಾತ ದೌಲೆತ್‌ಖಾನ್, ಎಂಬತ್ತರ ಮುದುಕ, ನಡುಗುತ್ತಿದ್ದ ಅಕ್ತೊಶ್‌ನನ್ನು ಮೇಲಿಂದ ಕೆಳಗೆ ನೋಡಿ, "ಚಳಿಯೋ?" ಎಂದಷ್ಟೇ ಕೇಳಿದ. ಸೊನುನ್ ಓಲೆ ಹಿಡಿದು ಹುಡುಗಿಯ ಕಿವಿಗೆ ಕೈ ಚಾಚಿದ್ದಳು. ಆಗ ಬಾಗಿಲಲ್ಲಿ ಕುರಿ ವ್ಯಾಪಾರಿ ಕಾಣಿಸಿಕೊಂಡ. ಅವನು ದೌಲೆತ್‌ಖಾನನ ಕಿರಿಯ ಮಗ, ಹುಡುಗಿಯ ಚಿಕ್ಕಪ್ಪ ಜಾಲ್ಗಾಸ್.

"ಅರೆ ಅಣ್ಣ, ನೀವಾ! ಅಪ್ಪಾ, ಇವರು ನಮ್ಮ ತೋಕ್ತಾರನ ಕುಡಿ! ಇವರಿಗೆ ಐದನೇ ತಾತ!"

ಓಲೆ ಗಾಳಿಯಲ್ಲೇ ನಿಂತಿತು. ಏಳು ತಲೆಮಾರಿನೊಳಗೆ ಎರಡೂ ಮನೆಗೆ ಒಬ್ಬನೇ ತಾತ ಸಿಕ್ಕರೆ ಹೆಣ್ಣು ಕೊಡುವ ಮಾತೇ ಇಲ್ಲ. ಮುದುಕ ಬೆರಳು ಮಡಿಸಿ ಎಣಿಸಿದ. "ನನಗೂ ಐದನೆಯೋನೇ. ಹಾಗಾದ್ರೆ ಹುಡುಗ ನಮ್ಮ ಹುಡುಗಿಗೆ ಚಿಕ್ಕಪ್ಪನಾಗ್ತಾನೆ."

ಕಲ್ಮುರ್ಜಾನ ಮಗನ ಮುಖ ಸುಣ್ಣದಂತಾಯಿತು. ಸೊನುನ್ ಗಂಡನನ್ನು ನೋಡಿದ ನೋಟಕ್ಕೆ ನಾಯಿಯೇ ಮೇಜಿನಡಿ ಸೇರಿತು. ಕಲ್ಮುರ್ಜಾ ಉಬ್ಬಿದ್ದ ಎದೆಯನ್ನು ಇಳಿಸಿ ನುಡಿದ: "ಹಿರಿಯರೇ, ನಮ್ಮ ತೋಕ್ತಾರ್ ಹುಟ್ಟಿದ್ದೇ ಇವತ್ತು ಬೆಳಿಗ್ಗೆ, ತ್ಯೂಪ್ ದಾಟಿದ ಮೇಲೆ. ನಾಯಿ ಸುಮ್ಮನಿರಲಿ ಅಂತ."

ಯಾರೂ ನಂಬಲಿಲ್ಲ. ಅಕ್ತೊಶ್‌ನನ್ನು ಕಾರಿಗೆ ಹತ್ತಿಸಿ ಪರೀಕ್ಷೆ ನಡೆಸಿದರು. ನಿಜವಾದ ಏಳು ತಾತಂದಿರಿಗೆ ಊಳು. "ತೋಕ್ತಾರ್!" ಎಂದೊಡನೆ ಮೌನ, ಬಾಲ. ಅಂಗಳವಿಡೀ ಬಿದ್ದುಬಿದ್ದು ನಕ್ಕಿತು.

ಮುದುಕ ಮಾತ್ರ ನಗಲಿಲ್ಲ. "ಓಲೆ ತೊಡಿಸಿ. ಆದ್ರೆ ಬೀಗರೇ, ನಾನೇ ನಿಮ್ಮೂರಿಗೆ ಬಂದು ಹಿರಿಯರನ್ನ ವಿಚಾರಿಸ್ತೀನಿ. ಈಗಲೇ, ನಿಮ್ಮ ಕಾರಲ್ಲೇ. ದಾರೀಲಿ ಇನ್ನೊಬ್ಬ ಸುಳ್ಳು ತಾತ ಹುಟ್ಟಿದ್ರೆ ಓಲೆ ವಾಪಸ್."

ಹಿಂದಿನ ಸೀಟಿನಲ್ಲಿ ಮುದುಕ, ಪಕ್ಕದಲ್ಲಿ ಅಕ್ತೊಶ್. ಎಂಜಿನ್ ಗುರುಗುಟ್ಟಿತು, ಊಳು ಎದ್ದಿತು. ಕಲ್ಮುರ್ಜಾ ತುಟಿ ಕಚ್ಚಿಕೊಂಡು ಓಡಿಸಿದ. ಐದು ಕಿಲೋಮೀಟರಿಗೆ ಮುದುಕನ ಸಹನೆ ಮುಗಿಯಿತು.

"ಏಯ್ ನಾಯಿ! ನಾನ್ಯಾರ ಮಗ ಗೊತ್ತಾ? ಮೈಲಿಬಾಯ್‌ನ ಮಗ! ಮೈಲಿಬಾಯ್ ಕೊಶೆನನ ಮಗ!"

ಅಕ್ತೊಶ್ ಆಕಳಿಸಿತು. ಮೂವತ್ತೆರಡನೆಯ ಕಝಾಕ ತಾತ ಬರುವ ಹೊತ್ತಿಗೆ ಮುದುಕನ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು. ಮನೆ ಮುಟ್ಟುವವರೆಗೂ ಏಳಲಿಲ್ಲ.

ವಿಚಾರಣೆಯಲ್ಲಿ ಕಲ್ಮುರ್ಜಾ ಗೆದ್ದ, ಮದುವೆಯೂ ಆಯಿತು. ಆದರೆ ಅಂದಿನಿಂದ ಅಕ್ತೊಶ್‌ಗೆ ತೋಕ್ತಾರನೂ ಸಾಲದು. ಕಾರು ಹೊರಡಬೇಕಾದರೆ ಬೀಗರ ಪಿತೃಗಳೇ ಆಗಬೇಕು. ಯಾರಾದರೂ ಕೆಣಕಿದರೆ ಕಲ್ಮುರ್ಜಾ ಎದೆಯುಬ್ಬಿಸಿ ಹೇಳುತ್ತಾನೆ: "ನಮ್ಮ ತಾತಂದಿರ ಹೆಸರು ಕೇಳಿದ್ರೆ ಅದು ಬೇಟೆಗೆ ಎದ್ದು ನಿಲ್ಲುತ್ತೆ. ಅವರದ್ದು ಕೇಳಿದ್ರೆ ನಿದ್ದೆ ಬರುತ್ತೆ. ವ್ಯತ್ಯಾಸ ನಾಯಿಗೂ ಗೊತ್ತು!"

ಇಷ್ಟು ಹೇಳಿ, ಅತ್ತಿತ್ತ ನೋಡಿ, ಗಾಜು ಪೂರ್ತಿ ಏರಿಸಿಕೊಂಡು, ಮೆಲ್ಲಗೆ ಮೈಲಿಬಾಯ್‌ನಿಂದ ಶುರುಮಾಡುತ್ತಾನೆ.